ಜವಾಬ್ದಾರಿ ನಮ್ಮದು, ಅಧಿಕಾರ ಯಾರದು?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಆಸ್ಪತ್ರೆಗಳಲ್ಲಿ ದುಡಿಯುವ ಶುಶ್ರೂಷಾಧಿಕಾರಿಗಳ ಪತ್ರಗಳನ್ನು ತೆಗೆದುಕೊಂಡಿದ್ದೇವೆ. ಉತ್ತರ ಬರೆದವರು ವಾರ್ಡಿನ ಮೇಲ್ವಿಚಾರಣೆಯಲ್ಲಿ ಮತ್ತು ನರ್ಸಿಂಗ್ ಬೋಧನೆಯಲ್ಲಿ ಇರುವವರು. ಪತ್ರ ಬರೆದವರ ಮತ್ತು ಆಸ್ಪತ್ರೆಗಳ ಹೆಸರು ಕೈಬಿಟ್ಟಿದ್ದೇವೆ.

ಪ್ರಶ್ನೆ: ಮೆಡಿಕಲ್ ವಾರ್ಡಿನಲ್ಲಿ ಆರು ವರ್ಷದಿಂದ ಇದ್ದೇನೆ. 24 ಬೆಡ್, ರಾತ್ರಿ ಇಬ್ಬರೇ ಸಿಸ್ಟರ್. ಕೆಲಸಕ್ಕೆ ಅಂಜುವವಳಲ್ಲ. ಆದರೆ ಜ್ವರಕ್ಕೆ ಒಂದು ಪ್ಯಾರಾಸಿಟಮಾಲ್ ಕೊಡಬೇಕಾದರೂ ಫೋನ್ ಮಾಡಬೇಕು. ಮಾಡಿದರೆ "ಇಷ್ಟಕ್ಕೆಲ್ಲಾ ಯಾಕ ಎಬ್ಬಸ್ತೀರಿ" ಅಂತಾರೆ, ಮಾಡದಿದ್ದರೆ "ಯಾಕ ತಿಳಸಲಿಲ್ಲ" ಅಂತಾರೆ. ಮನೆಗೆ ಬಂದ ಮೇಲೂ ಎದೆ ಢವಢವ ಅನ್ನುತ್ತದೆ. ಧ್ಯಾನ ಮಾಡಿ ಅಂತ ಆಡಳಿತದವರು ತರಗತಿ ಇಟ್ಟಿದ್ದಾರೆ. ಅದರಿಂದ ಹೋಗುತ್ತದೆಯೇ? — ಹುಬ್ಬಳ್ಳಿ

ಉತ್ತರ: ಧ್ಯಾನ ಮಾಡಿ, ನಿದ್ದೆಗೆ ಒಳ್ಳೆಯದು. ಆದರೆ ನಿಮ್ಮ ಎದೆಬಡಿತಕ್ಕೆ ಕಾರಣ ಆ ಫೋನು. ಅದನ್ನು ಹಾಗೇ ಬಿಟ್ಟು ತರಗತಿ ನಡೆಸಿದರೆ ಉಪಯೋಗವಾಗದು.

ಕೆಲಸದ ಒತ್ತಡದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲಿ ಹೇಳಿದ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಕೆಲಸ ಹೆಚ್ಚಿದ್ದರೂ ಅದನ್ನು ಹೇಗೆ ಮಾಡಬೇಕೆಂದು ತೀರ್ಮಾನಿಸುವ ಅವಕಾಶ ಕೈಯಲ್ಲಿದ್ದವರು ಅಷ್ಟಾಗಿ ಕುಸಿಯುವುದಿಲ್ಲ. ಕೆಲಸವೂ ಹೆಚ್ಚು, ತೀರ್ಮಾನವೂ ಬೇರೆಯವರದು ಎಂದಾಗ ಮನುಷ್ಯ ಸವೆಯುತ್ತಾನೆ. 1988ರಲ್ಲಿ ಜಾನ್ಸನ್ ಮತ್ತು ಹಾಲ್ ಇದಕ್ಕೆ ಮೂರನೆಯದನ್ನು ಸೇರಿಸಿದರು: ಜೊತೆಗಾರರ ಆಸರೆ. ನಿಮ್ಮ ರಾತ್ರಿ ಪಾಳಿಯಲ್ಲಿ ಮೊದಲನೆಯದಾದ ಕೆಲಸದ ಹೊರೆ ವಿಪರೀತ, ಎರಡನೆಯದಾದ ತೀರ್ಮಾನದ ಅವಕಾಶ ಇಲ್ಲವೇ ಇಲ್ಲ. ಹೊಸ ಸಿಬ್ಬಂದಿ ನಾಳೆಯೇ ಬರುವುದಿಲ್ಲ, ಆದರೆ ಎರಡನೆಯದನ್ನು ಒಂದು ತಿಂಗಳಲ್ಲಿ ಸರಿಮಾಡಬಹುದು. ಅದಕ್ಕೆ ಇರುವ ಹತ್ಯಾರ ಸ್ಟ್ಯಾಂಡಿಂಗ್ ಆರ್ಡರ್.

ಸ್ಟ್ಯಾಂಡಿಂಗ್ ಆರ್ಡರ್ ಎಂದರೆ ವೈದ್ಯರು ಮೊದಲೇ ಬರೆದು ಸಹಿ ಮಾಡಿಟ್ಟ ಆದೇಶ. ಇಂಥ ರೋಗಿಗೆ, ಇಂಥ ಸ್ಥಿತಿಯಲ್ಲಿ, ಇಷ್ಟು ಪ್ರಮಾಣ, ಈ ಮಾರ್ಗದಲ್ಲಿ, ಇಷ್ಟು ಸಲದ ತನಕ ಸಿಸ್ಟರ್ ಕೊಡಬಹುದು; ಇಂಥವರಿಗೆ ಕೊಡಬಾರದು; ಈ ಹಂತ ದಾಟಿದರೆ ಕೂಡಲೇ ಫೋನ್. ಕೆಳಗೆ ವಿಭಾಗದ ಮುಖ್ಯಸ್ಥರ ಸಹಿ, ತಾರೀಖು, ಮತ್ತೆ ಪರಿಶೀಲಿಸುವ ತಾರೀಖು. ಸಹಿ ಇಲ್ಲದ, "ಸರ್ ಹೇಳ್ಯಾರ" ಎನ್ನುವ ಬಾಯಿಮಾತಿನ ಪದ್ಧತಿ ಸ್ಟ್ಯಾಂಡಿಂಗ್ ಆರ್ಡರ್ ಅಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಅದು ನಿಮ್ಮನ್ನು ಕಾಯುವುದಿಲ್ಲ.

ಮೊದಲ ಸಲ ನಾಲ್ಕೇ ವಿಷಯ ಹಿಡಿಯಿರಿ: ಜ್ವರ, ಆಮ್ಲಜನಕ, ಸಕ್ಕರೆ ಇಳಿತ, ಕೆಟ್ಟ ಐವಿ (ರಕ್ತನಾಳದ) ಲೈನ್ ಬದಲಿಸುವುದು. ಎರಡು ವಾರ ರಾತ್ರಿ ಹೋದ ಫೋನ್‌ಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಯಾವ ಹೊತ್ತು, ಯಾಕೆ, ಏನು ಆದೇಶ ಬಂತು. ಒಂದೇ ಪ್ರಶ್ನೆಗೆ ಒಂದೇ ಉತ್ತರ ಹತ್ತು ಸಲ ಬಂದಿದ್ದು ಕಂಡಾಗ ಡಾಕ್ಟರ್ ಸಾಹೇಬರೇ ಬರೆದುಕೊಡಲು ಮುಂದೆ ಬರುತ್ತಾರೆ. ಅವರ ನಿದ್ದೆಯೂ ಉಳಿಯುತ್ತದಲ್ಲ.

ಸಕ್ಕರೆ ಇಳಿತದ ಆದೇಶ ಹೀಗಿರಬೇಕು. ಗ್ಲೂಕೋಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂತು, ರೋಗಿಗೆ ಎಚ್ಚರವಿದೆ, ನುಂಗಬಲ್ಲರು: 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ, ಅಂದರೆ ಸಪಾಟಾಗಿ ಮೂರು ಟೀ ಚಮಚ, ಅರ್ಧ ಲೋಟ ನೀರಿನಲ್ಲಿ. 15 ನಿಮಿಷಕ್ಕೆ ಮತ್ತೆ ಪರೀಕ್ಷೆ. ಇನ್ನೂ 70ರ ಕೆಳಗೇ ಇದ್ದರೆ ಮತ್ತೊಮ್ಮೆ ಅಷ್ಟೇ. ಮೇಲೆ ಬಂದ ಕೂಡಲೇ ಊಟ ಅಥವಾ ತಿಂಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಹನಿಯನ್ನೂ ಹಾಕಬಾರದು. ಲೈನ್ ಸರಿಯಾಗಿ ಓಡುತ್ತಿದೆಯೇ ನೋಡಿಕೊಂಡು 25 ಪರ್ಸೆಂಟ್ ಡೆಕ್ಸ್‌ಟ್ರೋಸ್ 100 ಎಂಎಲ್ ಐವಿ, ಜೊತೆಗೆ ಇನ್ನೊಬ್ಬರು ಡಾಕ್ಟರಿಗೆ ಫೋನ್.

ಎಡವುವುದು ಎಲ್ಲಿ ಎಂದರೆ, ಸಕ್ಕರೆ ನೀರಿನ ಬದಲು ಬಿಸ್ಕೀಟು, ಚಾಕೊಲೇಟು ಕೊಡುತ್ತಾರೆ. ಅದರ ಕೊಬ್ಬಿನಿಂದ ಸಕ್ಕರೆ ಏರುವುದು ತಡವಾಗುತ್ತದೆ. ಅರೆಎಚ್ಚರದವರಿಗೆ ಕುಡಿಸಲು ಹೋಗಿ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಸರಿಹೋದರು ಅಂತ ಹದಿನೈದು ನಿಮಿಷದ ಎರಡನೇ ಪರೀಕ್ಷೆ ಬಿಟ್ಟುಬಿಡುತ್ತಾರೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರಲ್ಲಿ ಸಕ್ಕರೆ ಕೆಲವು ತಾಸಿನ ಮೇಲೆ ಮತ್ತೆ ಕುಸಿಯಬಹುದು, ಅದಕ್ಕೇ ಅವರನ್ನು ಬೆಳಗಿನ ತನಕ ತಾಸಿಗೊಮ್ಮೆ ನೋಡಬೇಕು. ಮುಂದಿನ ಇನ್ಸುಲಿನ್ ಡೋಸ್ ಹಳೆಯ ಚೀಟಿ ನೋಡಿ ಹಾಗೇ ಕೊಟ್ಟುಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಆಮ್ಲಜನಕದ ಆದೇಶದಲ್ಲಿ ಸ್ಯಾಚುರೇಶನ್ನಿಗೆ, ಅಂದರೆ ರಕ್ತದಲ್ಲಿನ ಆಮ್ಲಜನಕದ ಪರ್ಸೆಂಟಿಗೆ, ಎರಡು ಗುರಿ ಬರೆಸುವುದನ್ನು ಮರೆಯಬೇಡಿ: ಸಾಮಾನ್ಯರಿಗೆ 94ರಿಂದ 98, ದೀರ್ಘಕಾಲದ ದಮ್ಮಿನ ಸಿಒಪಿಡಿ ರೋಗಿಗಳಿಗೆ 88ರಿಂದ 92.

ಪ್ರಶ್ನೆ: ರಾತ್ರಿ ಎರಡು ಗಂಟೆಗೆ ಡಾಕ್ಟರಿಗೆ ಫೋನ್ ಮಾಡಿದರೆ ನಾಲಿಗೆ ತೊದಲುತ್ತದೆ. ಅವರು ನಾಲ್ಕು ಪ್ರಶ್ನೆ ಕೇಳುತ್ತಾರೆ, ನನಗೆ ಎರಡಕ್ಕೇ ಉತ್ತರ ಗೊತ್ತಿರುತ್ತದೆ. ಬೈಗುಳ ತಿನ್ನುತ್ತೇನೆ. ಸೇರಿ ಎಂಟು ತಿಂಗಳಾಯಿತು. — ಗದಗ

ಉತ್ತರ: ಬೈಯುವುದು ತಪ್ಪು, ಅದನ್ನು ಮೊದಲು ಹೇಳಿಬಿಡೋಣ. ಆದರೆ ಆ ನಾಲ್ಕು ಪ್ರಶ್ನೆ ಯಾವುವು ಎಂದು ನಿಮಗೆ ಮೊದಲೇ ಗೊತ್ತಾದರೆ ಬೈಗುಳಕ್ಕೆ ಜಾಗವೇ ಉಳಿಯುವುದಿಲ್ಲ.

ಎಸ್‌ಬಿಎಆರ್ ಎಂಬ ಕ್ರಮ ನಿಮ್ಮ ಪಠ್ಯದಲ್ಲಿ ಬಂದಿರಬೇಕು. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದದ್ದು ಆಸ್ಪತ್ರೆಗೆ ಬಂತು. ಈಗ ಏನಾಗಿದೆ, ಹಿನ್ನೆಲೆ ಏನು, ನಾನು ಕಂಡದ್ದೇನು, ನಿಮ್ಮಿಂದ ಏನು ಬೇಕು, ಈ ನಾಲ್ಕೇ. ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ, ಫೋನಿನಲ್ಲಿ ಯಾರೂ ಬಳಸುವುದಿಲ್ಲ.

ಸಾಮಾನ್ಯವಾಗಿ ಕೇಳಿಬರುವ ಫೋನ್ ಇದು: "ಸರ್, 12ನೇ ಬೆಡ್ ಪೇಶಂಟ್ ಯಾಕೋ ಸುಸ್ತ್ ಅನ್ನಾಕತ್ತಾರ್ರಿ, ಸ್ವಲ್ಪ ನೋಡ್ತೀರೇನ್ರಿ?" ಇದನ್ನು ಕೇಳಿ ಯಾವ ಡಾಕ್ಟರೂ ಹಾಸಿಗೆ ಬಿಟ್ಟು ಏಳುವುದಿಲ್ಲ.

ಅದೇ ಮಾತು ಹೀಗೆ ಬರಲಿ: "ಸರ್, ಸರ್ಜಿಕಲ್ ವಾರ್ಡಿಂದ ಸಿಸ್ಟರ್ ಮಾತಾಡಾಕತ್ತೀನ್ರಿ. 12ನೇ ಬೆಡ್, 58 ವರ್ಷದವರು, ಉಸಿರಾಟ ಜೋರಾಗೇತಿ, ಬಿಪಿ ಇಳದೈತಿ. ನಿನ್ನೆ ಮುಂಜಾನೆ ಕರುಳಿನ ಆಪರೇಶನ್ ಆಗಿತ್ರಿ, ಶುಗರ್ ಐತಿ. ಈಗ ಉಸಿರಾಟ 26, ಸ್ಯಾಚುರೇಶನ್ ಹೊರಗಾಳಿಯೊಳಗ 92, ಪಲ್ಸ್ 118, ಬಿಪಿ 96/60, ಟೆಂಪರೇಚರ್ 38.4, ಎಚ್ಚರ ಅದಾರ. ಸ್ಕೋರ್ 10 ಬಂದೈತ್ರಿ. ಸೋಂಕು ಏರಾಕತ್ತೈತಿ ಅನಸ್ತದ. ನೀವೀಗ ಬಂದು ನೋಡಬೇಕ್ರಿ. ಬರೋದ್ರಾಗ ಆಮ್ಲಜನಕ ಹಚ್ಚಿರ್ತೀನಿ, ಇನ್ನೊಂದು ಲೈನ್ ಹಾಕಲೇನ್ರಿ?" ಓದಿ ನೋಡಿ, ಮುಕ್ಕಾಲು ನಿಮಿಷ ಸಾಕು.

ಆ ಸ್ಕೋರ್ ಎಂಬುದು ನಿಮ್ಮ ಬೆನ್ನೆಲುಬು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಪರಿಷ್ಕರಿಸಿದ ನ್ಯೂಸ್-2 ಪಟ್ಟಿ ಅದು. ಉಸಿರಾಟ, ಸ್ಯಾಚುರೇಶನ್, ಆಮ್ಲಜನಕ ಹಚ್ಚಿದೆಯೇ, ಮೇಲಿನ ಬಿಪಿ, ನಾಡಿ, ಎಚ್ಚರ, ತಾಪ ಹೀಗೆ ಏಳಕ್ಕೆ ಅಂಕ. ಮೇಲಿನ ರೋಗಿಗೆ ಉಸಿರಾಟಕ್ಕೆ 3, ಸ್ಯಾಚುರೇಶನ್‌ಗೆ 2, ಬಿಪಿಗೆ 2, ನಾಡಿಗೆ 2, ತಾಪಕ್ಕೆ 1. ಒಟ್ಟು 5 ಬಂದರೆ ತುರ್ತಾಗಿ ವೈದ್ಯರು ನೋಡಬೇಕು, 7 ಅಥವಾ ಮೇಲೆ ಹೋದರೆ ಅದು ಎಮರ್ಜೆನ್ಸಿ, ಯಾವುದಾದರೂ ಒಂದಕ್ಕೇ 3 ಬಂದರೂ ತಿಳಿಸಲೇಬೇಕು. ಗರ್ಭಿಣಿಯರಿಗೆ ಮತ್ತು 16 ವರ್ಷದ ಒಳಗಿನವರಿಗೆ ಈ ಪಟ್ಟಿ ಸಲ್ಲದು. "ನನಗ ಯಾಕೋ ಸರಿ ಅನಸ್ವಲ್ದು" ಎನ್ನುವ ಅನುಭವಿ ಸಿಸ್ಟರಿನ ಮಾತಿಗೆ ಬೆಲೆ ಇದೆ, ಬಹಳ ಇದೆ. ಆದರೆ ಎಂಟು ತಿಂಗಳ ಸಿಸ್ಟರಿನ ಮಾತಿಗೆ ಆ ತೂಕ ತಂದುಕೊಡುವುದು ಅಂಕ. ಉಸಿರಾಟವನ್ನು ಮಾತ್ರ ಅಂದಾಜಿನಲ್ಲಿ 20 ಎಂದು ಬರೆಯಬೇಡಿ. ಪೂರ್ತಿ ಒಂದು ನಿಮಿಷ ಎಣಿಸಿ. ರೋಗಿ ಕೆಡುವಾಗ ಬಹಳ ಸಲ ಮೊದಲು ಬದಲಾಗುವುದೇ ಅದು.

ಫೋನಿನಲ್ಲಿ ಬಂದ ಆದೇಶವನ್ನು ಬರೆದುಕೊಂಡು ಓದಿ ಹೇಳಿ. ಫಿಫ್ಟೀನ್, ಫಿಫ್ಟಿ ಕಿವಿಗೆ ಒಂದೇ ಥರ ಕೇಳುತ್ತವೆ, "ಒನ್ ಫೈವ್ ಅಲ್ರೀ ಸರ್?" ಎಂದು ಬಿಡಿಸಿ ಕೇಳಿ. ಮುಂಜಾನೆ ರೌಂಡ್ಸಿನಲ್ಲಿ ಸಹಿ ಪಡೆಯಿರಿ. ಡಾಕ್ಟರ್ ಬರದಿದ್ದರೆ ಯಾರಿಗೆ ಮುಂದಿನ ಫೋನ್ ಎಂಬುದು ವಾರ್ಡಿನ ಗೋಡೆಯ ಮೇಲೆ ಬರೆದಿರಬೇಕು. ಮೇಲಿನವರಿಗೆ ಫೋನ್ ಮಾಡುವುದು ಚಾಡಿ ಹೇಳಿದಂತಲ್ಲ.

ಪ್ರಶ್ನೆ: ನಮ್ಮದು ಸಣ್ಣ ಆಸ್ಪತ್ರೆ. ಹೆರಿಗೆ ಕೋಣೆಯಲ್ಲಿ ರಾತ್ರಿ ನಾನೊಬ್ಬಳೇ. ಗರ್ಭಿಣಿಗೆ ಫಿಟ್ಸ್ ಬಂದರೆ ಡಾಕ್ಟರ್ ಬರುವ ತನಕ ಕಾಯಬೇಕೋ, ನಾನೇ ಇಂಜೆಕ್ಷನ್ ಕೊಡಬಹುದೋ? ಇದೇ ಯೋಚನೆಯಲ್ಲಿ ಡ್ಯೂಟಿಗೆ ಹೋಗುವಾಗಲೇ ಕೈ ನಡುಗುತ್ತದೆ. — ಹಾನಗಲ್ ತಾಲೂಕು, ಹಾವೇರಿ ಜಿಲ್ಲೆ

ಉತ್ತರ: ಕೊಡಬಹುದು, ಕೊಡಲೇಬೇಕು. ಭಾರತ ಸರ್ಕಾರದ ಹೆರಿಗೆ ಆರೈಕೆಯ ಮಾರ್ಗಸೂಚಿಯೇ ತರಬೇತಿ ಪಡೆದ ಸ್ಟಾಫ್ ನರ್ಸ್‌ಗೆ ಫಿಟ್ಸ್ ತಡೆಯುವ ಮ್ಯಾಗ್ನೀಶಿಯಂ ಸಲ್ಫೇಟಿನ ಮೊದಲ ಡೋಸ್ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸುವ ಅಧಿಕಾರ ಕೊಟ್ಟಿದೆ. ಈ ಅಧಿಕಾರ ಇದೆ ಎಂದು ಗೊತ್ತಿಲ್ಲದೆ ಕಾಯುತ್ತ ಕೂರುವುದರಿಂದ ತಾಯಂದಿರ ಜೀವಕ್ಕೆ ಕುತ್ತು.

ಮೊದಲು ಎಡಮಗ್ಗುಲಿಗೆ ಹೊರಳಿಸಿ, ಬಾಯಿಯಲ್ಲಿನ ಜೊಲ್ಲು ಸಕ್ಷನ್ನಿನಿಂದ ತೆಗೆಯಿರಿ, ಆಮ್ಲಜನಕ ಹಚ್ಚಿ. ಹಲ್ಲಿನ ನಡುವೆ ಚಮಚ ತುರುಕಬೇಡಿ, ಮನೆಯವರು ಕೈಗೆ ಕಬ್ಬಿಣ ಕೊಡಲು ಬಂದರೆ ಸಮಾಧಾನದಿಂದ ಹೊರಗೆ ಕಳಿಸಿ. ಮ್ಯಾಗ್ನೀಶಿಯಂ ಸಲ್ಫೇಟಿನ 50 ಪರ್ಸೆಂಟಿನ ಆಂಪೂಲ್ ಒಂದರಲ್ಲಿ 2 ಎಂಎಲ್, ಅಂದರೆ 1 ಗ್ರಾಂ ಇರುತ್ತದೆ. ಒಟ್ಟು 10 ಆಂಪೂಲ್ ಬೇಕು. ಐದು ಆಂಪೂಲ್, 10 ಎಂಎಲ್, 5 ಗ್ರಾಂ ಒಂದು ಕುಂಡೆಗೆ ಆಳವಾಗಿ, ಅಷ್ಟೇ ಇನ್ನೊಂದಕ್ಕೆ. ಹತ್ತು ಆಂಪೂಲ್ ಒಡೆಯುವ ಹೊತ್ತಿಗೆ ಗಾಬರಿಯಲ್ಲಿ ಎರಡು ಕೈಜಾರುತ್ತವೆ. ಅದಕ್ಕೆ ಟ್ರೇಯಲ್ಲಿ 12 ಇಡಿ. 10 ಎಂಎಲ್ ಸಿರಿಂಜ್ ಎರಡು, ಉದ್ದ ಸೂಜಿ, ಜೊತೆಗೆ 10 ಪರ್ಸೆಂಟಿನ ಕ್ಯಾಲ್ಸಿಯಂ ಗ್ಲುಕೋನೇಟ್ ಒಂದು ಆಂಪೂಲ್ ಅದೇ ಟ್ರೇಯಲ್ಲಿ. ಉಸಿರಾಟ 16ಕ್ಕಿಂತ ಇಳಿದರೆ, ಮೊಣಕಾಲಿನ ಚಿಮ್ಮು ಹೋದರೆ, ಮೂತ್ರ ತಾಸಿಗೆ 30 ಎಂಎಲ್‌ಗಿಂತ ಕಡಿಮೆಯಾದರೆ ಮುಂದಿನ ಡೋಸ್ ನಿಲ್ಲಬೇಕು. ಉಸಿರಾಟವೇ ಕುಗ್ಗಿದರೆ ಕ್ಯಾಲ್ಸಿಯಂ ನಿಧಾನವಾಗಿ ಐವಿ.

108 ಗಾಡಿಯಲ್ಲಿ ಕಳಿಸುವಾಗ ರೆಫರಲ್ ಚೀಟಿಯ ನೆತ್ತಿಯ ಮೇಲೆ ದೊಡ್ಡದಾಗಿ ಡೋಸ್, ಮಾರ್ಗ, ಗಂಟೆ ಬರೆಯಿರಿ. ಹಾವೇರಿಯಿಂದ ಹುಬ್ಬಳ್ಳಿಗೆ ಸುಮಾರು 75 ಕಿಲೋಮೀಟರ್. ಅಲ್ಲಿ ಇಳಿಸಿಕೊಳ್ಳುವವರಿಗೆ ಮೊದಲ ಡೋಸ್ ಆಗಿದ್ದು ಗೊತ್ತಾಗದಿದ್ದರೆ ಅದನ್ನೇ ಮತ್ತೆ ಪೂರ್ತಿ ಕೊಡುವ ಅಪಾಯವಿದೆ. ತಿಂಗಳಿಗೊಮ್ಮೆ ಆಯಾ, ಗ್ರೂಪ್ ಡಿ ಎಲ್ಲರನ್ನೂ ಸೇರಿಸಿ ಖಾಲಿ ಮಂಚದ ಮೇಲೆ ಅಭ್ಯಾಸ ಮಾಡಿ: ಯಾರು ಫೋನ್, ಯಾರು ಟ್ರೇ, ಯಾರು ಸಕ್ಷನ್. ಕೈ ನಡುಗುವುದು ಅಭ್ಯಾಸದಿಂದಲೇ ನಿಲ್ಲುತ್ತದೆ.

ಪ್ರಶ್ನೆ: ಪಾಳಿ ಬದಲಾಗುವಾಗ ನಮ್ಮ ವಾರ್ಡಿನಲ್ಲಿ ದಿನಾ ಜಗಳ. ಓವರ್ (ಮುಂದಿನ ಪಾಳಿಗೆ ರೋಗಿಗಳನ್ನು ಒಪ್ಪಿಸುವುದು) ಕೊಡುವವರು ಚಿಗರಿ ಬಸ್ ಹಿಡಿಯುವ ಅವಸರದಲ್ಲಿ, ತೆಗೆದುಕೊಳ್ಳುವವರು ತಡವಾಗಿ ಬಂದು ಸ್ಟಾಕ್ ಎಣಿಸುತ್ತ ಕೂರುತ್ತಾರೆ. ಆಮೇಲೆ "ನಿಮ್ಮ ಪಾಳಿಯೊಳಗ ಆಗಿದ್ದು", "ಇಲ್ಲ, ನಿಮ್ಮ ಪಾಳಿಯೊಳಗ" ಎಂದು ವಾದ. — ಧಾರವಾಡ

ಉತ್ತರ: ಹುಬ್ಬಳ್ಳಿ-ಧಾರವಾಡದ ನಡುವೆ ದಿನಾ ಓಡಾಡುವವರ ಅವಸರ ನಿಜವಾದದ್ದು, ಅದನ್ನು ಸೋಮಾರಿತನ ಎನ್ನಬೇಡಿ. ಓವರ್‌ಗೆ ಪಾಳಿಯ ಲೆಕ್ಕದಲ್ಲಿ ಸಮಯವನ್ನೇ ಇಡದಿರುವುದು ತಪ್ಪಿನ ಮೂಲ. ಎಂಟಕ್ಕೆ ಒಬ್ಬರ ಪಾಳಿ ಮುಗಿದು ಎಂಟಕ್ಕೇ ಇನ್ನೊಬ್ಬರದು ಶುರುವಾದರೆ ಓವರ್ ಯಾರದ್ದೋ ಸ್ವಂತ ಸಮಯದಲ್ಲಿ ನಡೆಯಬೇಕು. 20 ನಿಮಿಷದ ಜೋಡಿ ಸಮಯವನ್ನು ಡ್ಯೂಟಿಯಲ್ಲೇ ಬರೆಸಿಕೊಳ್ಳಿ.

ಎರಡನೆಯದು, ಸ್ಟಾಕ್ ಮತ್ತು ರೋಗಿ ಬೇರೆ ಬೇರೆ. ಥರ್ಮಾಮೀಟರ್, ಬೆಡ್‌ಶೀಟು, ಕತ್ತರಿ ಎಣಿಸುವುದು ದಿನಕ್ಕೊಮ್ಮೆ, ಮುಂಜಾನೆ ಸಾಕು. ಬೀಗದ ಕಪಾಟಿನ ಮಾರ್ಫಿನ್, ಫೆಂಟನಿಲ್ ಮತ್ತು ಎಮರ್ಜೆನ್ಸಿ ಟ್ರೇ ಮಾತ್ರ ಪ್ರತಿ ಪಾಳಿಗೆ, ಇಬ್ಬರ ಸಹಿಯೊಡನೆ.

20 ರೋಗಿಗಳನ್ನು ತಲಾ ಒಂದೂವರೆ ನಿಮಿಷ ಮಂಚದ ಹತ್ತಿರವೇ ನೋಡಿದರೆ ಅರ್ಧ ತಾಸು ಹೋಯಿತು. ಅಷ್ಟು ಸಮಯ ಸಿಗದಿದ್ದರೆ ಸ್ಥಿರವಾಗಿರುವವರದನ್ನು ಟೇಬಲ್ಲಿನಲ್ಲಿ ಮುಗಿಸಿ, ಗಂಭೀರವಾದ ಐದಾರು ಮಂದಿಯ ಹತ್ತಿರ ಇಬ್ಬರೂ ನಡೆದು ಹೋಗಿ. ಅಲ್ಲಿ ಕೈಯಿಂದ ಮುಟ್ಟಿ ನೋಡಬೇಕಾದದ್ದು ಇಷ್ಟು: ಲೈನ್ ಇರುವ ಜಾಗ ಊದಿದೆಯೇ, ಸಲೈನ್ ಎಷ್ಟು ಉಳಿದಿದೆ, ಬಾಟಲಿಗೆ ಏನು ಬೆರೆಸಿದೆ, ಮೂತ್ರದ ಚೀಲದಲ್ಲಿ ಎಷ್ಟು, ಡ್ರೇನಿನ ಬಣ್ಣ, ಬೆನ್ನಿನ ಚರ್ಮ. ಹೆಚ್ಚಿನ ವಾದಗಳು ಸಲೈನ್ ಹೊರಗೆ ಇಳಿದು ಊದಿದ ಕೈ ಮತ್ತು ಬೆನ್ನಿನ ಹುಣ್ಣಿನ ಬಗ್ಗೆಯೇ ಇರುತ್ತವೆ. ಇಬ್ಬರೂ ಒಟ್ಟಿಗೆ ನೋಡಿ ಬರೆದಿಟ್ಟರೆ ವಾದಿಸಲು ಏನೂ ಉಳಿಯದು. ಎಚ್‌ಐವಿಯಂಥ ವಿಷಯವನ್ನು ಮಂಚದ ಹತ್ತಿರ ಬಾಯಿಬಿಟ್ಟು ಹೇಳಬಾರದು, ಅದು ಟೇಬಲ್ಲಿನ ಮಾತು. ಹಿಂದಿನ ಪಾಳಿಯವರ ಕೊರತೆಯನ್ನು ರೋಗಿಯ ಮನೆಯವರ ಮುಂದೆ ಆಡಬಾರದು.

ಕೊನೆಗೆ ಒಂದು ಪ್ರಶ್ನೆ ಕೇಳುವ ರೂಢಿ ಮಾಡಿಕೊಳ್ಳಿ: "ಇವತ್ತ ರಾತ್ರಿ ನಿಮಗ ಯಾರದ ಚಿಂತಿ ಐತ್ರಿ ಅಕ್ಕಾರ?" ಹಾಳೆಯಲ್ಲಿ ಬರೆಯಲು ಬಾರದ ಸಂಗತಿ ಆ ಉತ್ತರದಲ್ಲಿ ಬರುತ್ತದೆ.

ಪ್ರಶ್ನೆ: ವಾರ್ಡಿನಲ್ಲಿ ನಾನೊಬ್ಬನೇ ಬ್ರದರ್ (ಗಂಡು ನರ್ಸ್). ರೋಗಿಯನ್ನು ಎತ್ತುವುದು, ಸಿಲಿಂಡರ್ ಉರುಳಿಸುವುದು, ಕುಡಿದು ಬಂದವರನ್ನು ಹಿಡಿಯುವುದು ಎಲ್ಲ ನನ್ನ ಪಾಲಿಗೆ. 29ಕ್ಕೇ ಸೊಂಟ ಹಿಡಿದಿದೆ. — ಗದಗ

ಉತ್ತರ: ಒಬ್ಬರೇ ಎತ್ತುವುದನ್ನು ಇವತ್ತೇ ನಿಲ್ಲಿಸಿ. ಪೂರ್ತಿ ಹಾಸಿಗೆ ಹಿಡಿದವರನ್ನು ಸರಿಸಲು ನಾಲ್ವರು ಬೇಕು: ಕೆಳಗಿನ ಶೀಟಿನ ಅಂಚು ಸುರುಳಿ ಸುತ್ತಿ ಹಿಡಿದು, ಮಂಚ ಸೊಂಟದ ಎತ್ತರಕ್ಕೆ ಏರಿಸಿ, ಒಬ್ಬರ ಎಣಿಕೆಗೆ ಎಲ್ಲರೂ ಜಾರಿಸುವುದು. ಇದಕ್ಕೆ ತೋಳಿನ ಬಲಕ್ಕಿಂತ ಹೊಂದಾಣಿಕೆ ಮುಖ್ಯ, ಸಿಸ್ಟರುಗಳೂ ಮಾಡಬಲ್ಲರು. ಸಿಲಿಂಡರಿಗೆ ಗಾಲಿಯ ಟ್ರಾಲಿ ಬೇಕೆಂದು ಇಂಡೆಂಟ್ (ಬೇಡಿಕೆ ಪತ್ರ) ಹಾಕಿಸಿ. ಕುಡಿದವರನ್ನು ಹಿಡಿಯುವುದು ಸೆಕ್ಯುರಿಟಿಯವರ ಕೆಲಸ. ನೋವು ಕಾಲಿಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಎಲುಬು ಕೀಲಿನ ಡಾಕ್ಟರಿಗೆ ತೋರಿಸಿ, ಡ್ಯೂಟಿಯಲ್ಲಿ ಆದದ್ದೆಂದು ಬರೆಸಿ.

ಪ್ರಶ್ನೆ: ಇನ್ಸುಲಿನ್ ಡೋಸ್ ತಪ್ಪಿತು. ರೋಗಿಗೆ ಏನೂ ಆಗಲಿಲ್ಲ, ಆದರೆ ನನಗೆ ಮೆಮೊ ಬಂತು. ಜೊತೆಯವರೆಲ್ಲ ಈಗ ನನ್ನ ಮೇಲೆ ಕಣ್ಣಿಟ್ಟಿದ್ದಾರೆ. ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜಿನಲ್ಲಿ ಎಳೆದಿದ್ದೆ, ಪೆನ್ನು ಕೆಟ್ಟಿತ್ತು. — ಹುಬ್ಬಳ್ಳಿ

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲೇ ಕಾರಣವಿದೆ. ಪೆನ್ನಿನ ಕಾರ್ಟ್ರಿಜ್ ಸಾಮಾನ್ಯವಾಗಿ ಒಂದು ಎಂಎಲ್‌ಗೆ 100 ಯುನಿಟ್. ನಮ್ಮಲ್ಲಿ ವಾರ್ಡಿನಲ್ಲಿ ಹೆಚ್ಚಾಗಿ ಸಿಗುವ ಕೆಂಪು ಮುಚ್ಚಳದ ಸಿರಿಂಜ್ 40 ಯುನಿಟ್‌ನದು. ಅದರಲ್ಲಿ 20ರ ಗೆರೆಗೆ ಎಳೆದರೆ ಅರ್ಧ ಎಂಎಲ್ ಬಂತು. ಕಾರ್ಟ್ರಿಜ್‌ನಿಂದಾದರೆ ಅದು 50 ಯುನಿಟ್, ಎರಡೂವರೆ ಪಟ್ಟು. ಉಲ್ಟಾ ಆದರೆ, 40ರ ಬಾಟಲಿಯಿಂದ ಕಿತ್ತಳೆ ಮುಚ್ಚಳದ 100ರ ಸಿರಿಂಜಿನಲ್ಲಿ 20ಕ್ಕೆ ಎಳೆದರೆ ಹೋಗುವುದು ಬರೀ 8 ಯುನಿಟ್. ಇದು ನಿಮ್ಮೊಬ್ಬರ ಅಜಾಗರೂಕತೆ ಅಲ್ಲ. ಎರಡೂ ಬಗೆಯ ಸಿರಿಂಜ್ ಒಂದೇ ಡಬ್ಬಿಯಲ್ಲಿ, ಕೆಟ್ಟ ಪೆನ್ನು ಬದಲಿಸದೆ ಹಾಗೇ ಇಟ್ಟ ವಾರ್ಡಿನಲ್ಲಿ ಇವತ್ತು ನಿಮಗೆ ಆದದ್ದು ನಾಳೆ ಇನ್ನೊಬ್ಬರಿಗೆ ಆಗುತ್ತದೆ.

ಮೆಮೊಗೆ ಉತ್ತರ ಬರೆಯುವಾಗ ಕ್ಷಮೆಯ ಪುರಾಣ ಬೇಡ, ಬೇರೆಯವರ ಮೇಲೆ ದೂರೂ ಬೇಡ. ಗಂಟೆಗಳ ಕ್ರಮದಲ್ಲಿ ಆದದ್ದು: ಆದೇಶ ಏನಿತ್ತು, ಏನು ಕೊಟ್ಟಿರಿ, ಎಷ್ಟು ಹೊತ್ತಿಗೆ ಗೊತ್ತಾಯಿತು, ಯಾರಿಗೆ ಹೇಳಿದಿರಿ, ಸಕ್ಕರೆ ಎಷ್ಟೆಷ್ಟು ಬಂತು, ಆ ಹೊತ್ತಿಗೆ ಎಷ್ಟು ರೋಗಿಗಳಿಗೆ ಎಷ್ಟು ಸಿಸ್ಟರ್ ಇದ್ದರು. ಕೊನೆಗೆ ಸಲಹೆ: 40ರದು ಮತ್ತು 100ರದು ಬೇರೆ ಬಣ್ಣದ ಡಬ್ಬಿಯಲ್ಲಿ, ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆಯುವುದು ಪೂರ್ತಿ ಬಂದ್, ಇನ್ಸುಲಿನ್ ಮತ್ತು ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇಬ್ಬರು ನೋಡಿಯೇ ಕೊಡುವುದು. ಎರಡನೆಯವರು ಮೊದಲಿನವರು ಹೇಳಿದ್ದಕ್ಕೆ ಹೂಂಗುಟ್ಟಿದರೆ ಅದು ಪರೀಕ್ಷೆಯಲ್ಲ. ಸಿರಿಂಜ್ ಕೈಗೆ ತೆಗೆದುಕೊಂಡು ತಾವೇ ಓದಬೇಕು. ಪ್ರತಿ ಇಟ್ಟುಕೊಳ್ಳಿ.

ಇನ್‌ಚಾರ್ಜ್ ಸಿಸ್ಟರುಗಳಿಗೂ ಒಂದು ಮಾತು. ತಪ್ಪು ಹೇಳಿಕೊಂಡವರಿಗೆ ಮೆಮೊ ಕೊಟ್ಟರೆ ಮುಂದಿನ ತಪ್ಪು ನಿಮಗೆ ಗೊತ್ತಾಗುವುದೇ ಇಲ್ಲ. ಅದು ರೋಗಿಗೆ ಮಾತ್ರ ಗೊತ್ತಾಗುತ್ತದೆ.

ಪ್ರಶ್ನೆ: ಒಬ್ಬ ರೋಗಿಯ ಜೊತೆ ಹನ್ನೆರಡು ಮಂದಿ ಬರುತ್ತಾರೆ. ಏನಾದರೂ ಆದರೆ ಮೊದಲು ಕೈ ಎತ್ತುವುದು ನಮ್ಮ ಮೇಲೆ. ಕಾನೂನು ಇದೆಯೇ? — ರಾಣೆಬೆನ್ನೂರು

ಉತ್ತರ: ಇದೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯಲು ಕರ್ನಾಟಕ 2009ರಲ್ಲೇ ಕಾಯ್ದೆ ಮಾಡಿದೆ. ನರ್ಸ್‌ಗಳು, ನರ್ಸಿಂಗ್ ವಿದ್ಯಾರ್ಥಿಗಳು ಅದರಲ್ಲಿ ಸೇರಿದ್ದಾರೆ, ಜಾಮೀನಿಲ್ಲದ ಅಪರಾಧ. ದೂರನ್ನು ಪೆಟ್ಟು ತಿಂದ ಸಿಸ್ಟರ್ ಒಬ್ಬರೇ ಹೋಗಿ ಕೊಡುವಂತಾಗಬಾರದು, ಆಸ್ಪತ್ರೆಯ ಪರವಾಗಿ ಹೋಗಬೇಕು. ಏಟು ಬಿದ್ದಿದ್ದರೆ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್ ದಾಖಲೆ) ಮಾಡಿಸಿ.

ಆದರೆ ಕಾಯ್ದೆ ಕೆಲಸಕ್ಕೆ ಬರುವುದು ಆದ ಮೇಲೆ. ಆಗುವ ಮೊದಲು ಮಾಡಬಹುದಾದ್ದು, ದಾಖಲಾಗುವಾಗಲೇ ಮನೆಯವರಲ್ಲಿ ಒಬ್ಬರ ಹೆಸರು ಬರೆದುಕೊಂಡು "ಎಲ್ಲಾ ಸುದ್ದಿ ನಿಮಗ ಹೇಳ್ತೀವ್ರಿ ಅಣ್ಣಾರ, ನೀವು ಉಳಿದವರಿಗೆ ಹೇಳ್ರಿ" ಎನ್ನುವುದು. ಗಂಭೀರ ರೋಗಿಯಾದರೆ ಎರಡು ತಾಸಿಗೊಮ್ಮೆ, ಹೊಸದೇನೂ ಇಲ್ಲದಿದ್ದರೂ, ಹೋಗಿ ಹೇಳುವುದು. ಸಿಟ್ಟು ಹೆಚ್ಚಾಗಿ ಹುಟ್ಟುವುದು ಯಾರೂ ಏನೂ ಹೇಳದೆ ಕಳೆದ ಆ ತಾಸುಗಳಲ್ಲಿ. ಸಾವಿನ ಸುದ್ದಿ ಡಾಕ್ಟರ್ ಹೇಳಬೇಕು, ಸಿಸ್ಟರ್ ಜೊತೆಗಿರಬೇಕು. ಒಬ್ಬಳೇ ಸಿಸ್ಟರನ್ನು ಆ ಸುದ್ದಿಯೊಡನೆ ಹೊರಗೆ ಕಳಿಸುವುದು ಅನ್ಯಾಯ. ಮಾತು ಏರಿದಾಗ ಬಾಗಿಲು ನಿಮ್ಮ ಬೆನ್ನಿಗಿರಲಿ, ಕೈಯಲ್ಲಿ ಟ್ರೇ ಹಿಡಿದು ನಿಲ್ಲಬೇಡಿ.

ಪ್ರಶ್ನೆ: ಐಸಿಯುನಲ್ಲಿ ಮೂರು ವರ್ಷ. ಈಗ ರೋಗಿ ಸತ್ತರೂ ಏನೂ ಅನಿಸುವುದಿಲ್ಲ, ಬೆಡ್ ಖಾಲಿ ಆಯಿತು ಅನಿಸುತ್ತದೆ. ಆದರೆ ಡ್ಯೂಟಿಗೆ ಹೊರಡುವಾಗ ಬಚ್ಚಲಲ್ಲಿ ನಿಂತು ಅಳುತ್ತೇನೆ. ನಾನು ಕೆಟ್ಟವಳಾದೆನೇ? — ಧಾರವಾಡ

ಉತ್ತರ: ಇಲ್ಲಮ್ಮ. ನಿಮಗಾಗಿರುವುದಕ್ಕೆ ಬರ್ನ್‌ಔಟ್ ಎನ್ನುತ್ತಾರೆ. ಮೈಮನಸ್ಸು ಬರಿದಾಗುವುದು, ರೋಗಿಯನ್ನು ವಸ್ತುವಿನಂತೆ ಕಾಣುವುದು, ನನ್ನಿಂದ ಏನೂ ಆಗುತ್ತಿಲ್ಲ ಅನಿಸುವುದು, ಈ ಮೂರೂ ಅದರ ಗುರುತುಗಳು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ರೋಗವೆಂದು ಕರೆದಿಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಆಗುವ ಸ್ಥಿತಿ ಎಂದಿದೆ. ಏನೂ ಅನಿಸದಿರುವುದು ನಿಮ್ಮ ಮನಸ್ಸು ತನ್ನನ್ನು ಕಾಯ್ದುಕೊಳ್ಳಲು ಹಾಕಿಕೊಂಡ ಬಾಗಿಲು.

ಬೇರೆ ವಾರ್ಡಿಗೆ ಮೂರರಿಂದ ಆರು ತಿಂಗಳು ಬದಲಿ ಕೇಳಿ, ಲಿಖಿತವಾಗಿ ಕೇಳಿ. ಸಾವಾದ ದಿನ ಆ ಪಾಳಿಯವರೆಲ್ಲ ಹತ್ತು ನಿಮಿಷ ಕೂತು ಏನಾಯಿತು ಎಂದು ಮಾತಾಡುವ ರೂಢಿ ತನ್ನಿ. ಆದರೆ ರಜೆಯ ದಿನವೂ ಮನಸ್ಸು ಏಳದಿದ್ದರೆ, ಎರಡು ವಾರ ಮೀರಿ ನಿದ್ದೆ-ಊಟ ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ನಿಮ್ಮೂರಲ್ಲೇ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಪರಿಚಿತರು ಕಂಡಾರು ಎಂಬ ಸಂಕೋಚವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯಬೇಕೆಂಬ ಯೋಚನೆ ಒಮ್ಮೆ ಬಂದು ಹೋಗಿದ್ದರೂ ಇವತ್ತೇ ಮಾಡಿ. ಐಸಿಯುನಲ್ಲಿ ಕೈಗೆ ಸಿಗುವ ಔಷಧಿಗಳ ನಡುವೆ ಇರುವವರು ಈ ಮಾತನ್ನು ಮುಂದೂಡಬಾರದು.

ಪ್ರಶ್ನೆ: ಹೊಸದಾಗಿ ಇನ್‌ಚಾರ್ಜ್ ಆಗಿದ್ದೇನೆ. ರಾತ್ರಿ ಪಾಳಿಯ ಪಟ್ಟಿ ಹಾಕಿದಾಗಲೆಲ್ಲ ಯಾರಾದರೊಬ್ಬರ ಮುಖ ಬಾಡುತ್ತದೆ. ಎಲ್ಲರಿಗೂ ಸರಿಯಾಗುವಂತೆ ಹೇಗೆ? — ಹಾವೇರಿ

ಉತ್ತರ: ಮೊದಲು ಲೆಕ್ಕ ಹಾಕಿ, ತಪ್ಪು ನಿಮ್ಮದೋ ಸಂಖ್ಯೆಯದೋ ಗೊತ್ತಾಗುತ್ತದೆ. ವಾರಕ್ಕೆ 168 ತಾಸು. ಒಬ್ಬರ ದುಡಿಮೆ 48 ತಾಸು ಎಂದರೆ ಸದಾ ಒಬ್ಬರು ವಾರ್ಡಿನಲ್ಲಿರಲು ಮೂರೂವರೆ ಜನ ಬೇಕು. ರಜೆ, ಹೆರಿಗೆ, ಕಾಯಿಲೆಗೆ ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳುವ 30 ಪರ್ಸೆಂಟ್ ಸೇರಿಸಿದರೆ ನಾಲ್ಕೂವರೆ. ಹಗಲೂ ರಾತ್ರಿ ಇಬ್ಬರಿರಬೇಕಾದರೆ ಒಂಬತ್ತು ಜನ. ನಿಮ್ಮಲ್ಲಿ ಆರೇ ಇದ್ದರೆ ಎಂಥ ಪಟ್ಟಿಯೂ ಸರಿಹೋಗದು. ಈ ಲೆಕ್ಕವನ್ನೇ ಒಂದು ಹಾಳೆಯಲ್ಲಿ ಬರೆದು ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಕೊಡಿ.

ಜನ ಸಾಕಷ್ಟಿದ್ದರೆ ಪಟ್ಟಿಯನ್ನು ನೀವೊಬ್ಬರೇ ಹಾಕಬೇಡಿ. ಒಂದು ನೋಟ್‌ಬುಕ್ ಇಟ್ಟು, ತಿಂಗಳ 20ನೇ ತಾರೀಖಿನೊಳಗೆ ಪ್ರತಿಯೊಬ್ಬರೂ ಮುಂದಿನ ತಿಂಗಳಿಗೆ ಬೇಕಾದ ಎರಡು ರಜೆ ಬರೆಯಲಿ. ಉಗಾದಿ, ನಾಗರಪಂಚಮಿ, ದೀಪಾವಳಿ ಯಾರು ದುಡಿದರು ಎಂದು ಹಿಂದಿನ ಪುಟದಲ್ಲಿ ದಾಖಲಿರಲಿ. ಪಂಚಮಿಗೆ ತವರಿಗೆ ಹೋದವರು ದೀಪಾವಳಿಗೆ ಡ್ಯೂಟಿಗೆ. ಪಾಳಿ ಬದಲಿಸುವಾಗ ಮುಂಜಾನೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲೇ ಹೋಗಿ. ದೇಹಕ್ಕೆ ಹಿಂದಕ್ಕೆ ಸರಿಯುವುದಕ್ಕಿಂತ ಮುಂದಕ್ಕೆ ಸರಿಯುವುದು ಸುಲಭ. ರಾತ್ರಿ ಮುಗಿಸಿ ಎಂಟಕ್ಕೆ ಹೋದವರನ್ನು ಅದೇ ದಿನ ಎರಡಕ್ಕೆ ಕರೆಯಬೇಡಿ, ಎಷ್ಟೇ ಅಡಚಣೆ ಇದ್ದರೂ.

ಬೆಳಗಿನ ಜಾವ ಮೂರರಿಂದ ಐದು ನಿದ್ದೆಯ ಒತ್ತಡ ಹೆಚ್ಚಿರುವ ಹೊತ್ತು. ಇಬ್ಬರಲ್ಲಿ ಒಬ್ಬರು ಸರದಿಯ ಮೇಲೆ 20 ನಿಮಿಷ ಕಣ್ಣು ಮುಚ್ಚಲು ಅನುಮತಿ ಬರೆದುಕೊಡಿಸಿ, ಕದ್ದು ಮಲಗುವುದಕ್ಕಿಂತ ಅದು ರೋಗಿಗೂ ಕ್ಷೇಮ. ಎದ್ದ ಮೇಲೆ ಹತ್ತು ನಿಮಿಷ ಇಂಜೆಕ್ಷನ್ ಎಳೆಯುವ ಕೆಲಸ ಬೇಡ, ಮಂಪರು ಇಳಿಯಲಿ. ಚಹಾ ಎರಡು ಗಂಟೆಗೆ ಕೊನೆ. ಆಮೇಲೆ ಕುಡಿದದ್ದು ಮನೆಯ ನಿದ್ದೆಯನ್ನು ಕೆಡಿಸುತ್ತದೆ. ಶಿಗ್ಗಾಂವಿ, ಬ್ಯಾಡಗಿ ಕಡೆಯಿಂದ ಸ್ಕೂಟಿಯಲ್ಲಿ ಬರುವವರು ರಾತ್ರಿ ಪಾಳಿಯ ವಾರವಾದರೂ ಬಸ್ಸಿಗೆ ಹೋಗಲಿ. ಪಟ್ಟಿ ಹಾಕುವಾಗ ಒಂದೇ ದಾರಿಯ ಇಬ್ಬರನ್ನು ಒಂದೇ ರಾತ್ರಿಗೆ ಹಾಕಿದರೆ ಹೋಗಿಬರಲು ಜೊತೆಯೂ ಆಗುತ್ತದೆ.